ಗುಂಡಿಗೆಗೊಂದು ಸೋಡಾ

"ಅದ್ಯಾವ ಸೀಮೆ ಕತ್ತಿ ಮೇಡಮ್ಮೋರೆ, ಬೆಣ್ಣೇನೂ ಕುಯ್ಯಕಿಲ್ಲ. ಇಲ್ಲಿ ಕೊಡಿ!"

ಶೀಳನೆರೆ ಶಾಲೆಯ ಬಿಸಿಯೂಟದ ಬೈರಮ್ಮ ಈಳಿಗೆಮಣೆ ಎಳೆದುಕೊಂಡು ಕೂತು, ಕುರಿಯ ಗುಂಡಿಗೆಯನ್ನು ಒಂದೇ ಎಳೆತಕ್ಕೆ ಎರಡು ಹೋಳು ಮಾಡಿದಳು. ಮಕ್ಕಳು ಹೋ ಎಂದ ಸದ್ದಿಗೆ ಹೆಂಚಿನ ಮೇಲಿದ್ದ ಕಾಗೆಗಳು ಪಾಂಡವಪುರದವರೆಗೂ ತಿರುಗಿ ನೋಡದೆ ಹಾರಿದವು.

ಬೆಂಗಳೂರಿನಿಂದ ಬಂದಿದ್ದ ವಿಜ್ಞಾನಿ ಸಂಘಮಿತ್ರಾ ನಕ್ಕರು. ಅವರು ಓದಿದ್ದು ಮಿದುಳು, ಇಪ್ಪತ್ತೆರಡು ವರ್ಷ ದುಡಿದದ್ದು ಗುಂಡಿಗೆಯ ನರಗಳ ಮೇಲೆ. ಈಗ ಶಾಲೆಯಿಂದ ಶಾಲೆಗೆ ಹೋಗಿ ಅದನ್ನೇ ಮಕ್ಕಳಿಗೆ ಹೇಳುತ್ತಿದ್ದರು.

"ಗುಂಡಿಗೆಯ ನರ, ಎಡಗೈಯ ನರ ಎರಡೂ ಅಕ್ಕಪಕ್ಕದಲ್ಲೇ ಬೆನ್ನುಹುರಿ ಸೇರ್ತವೆ ಮಕ್ಕಳೇ. ಅದಕ್ಕೇ ಕೂಗಿದ್ದು ಗುಂಡಿಗೆಯಾದ್ರೂ ಮಿದುಳಿಗೆ ಕೈ ನೋವು ಅನ್ಸುತ್ತೆ. ಎದೆ ಬಿಗಿತ, ಕೈ ಸೆಳೆತ, ಬೆವರು ಬಂದ್ರೆ ಒಂದು ನಿಮಿಷವೂ ಕಾಯಬೇಡಿ. ಆಸ್ಪತ್ರೆಗೆ ಓಡಿ."

ಬೈರಮ್ಮನ ಕೈ ಈಳಿಗೆಯ ಮೇಲೇ ನಿಂತಿತು. ಹೋದ ವರ್ಷ ಗಂಡ ಎಡಗೈ ಹಿಡಿದುಕೊಂಡು, ಬೆವರಲ್ಲಿ ತೊಯ್ದು ಗದ್ದೆಯಿಂದ ಬಂದಿದ್ದ. ಅವಳೇ ಹರಳೆಣ್ಣೆ ತಿಕ್ಕಿದ್ದಳು. ಎದೆಯೂ ನೋವು ಎಂದದ್ದಕ್ಕೆ ಅವಳೇ ಹೊನ್ನಪ್ಪನ ಸೋಡಾ ಅಂಗಡಿಗೆ ಕಳಿಸಿದ್ದಳು. ಊರಿನ ಎದೆನೋವಿಗೆಲ್ಲ ಹೊನ್ನಪ್ಪನದು ಒಂದೇ ಮದ್ದು: "ಗ್ಯಾಸು ಕಣ್ಲಾ. ಸೋಡಾ ಕುಡಿ, ತೇಗು ಬಂದ್ರೆ ಸರೋಯ್ತದೆ." ಮೂರು ಸೋಡಾ ಕುಡಿದರೂ ತೇಗು ಬರಲಿಲ್ಲ. ಹೆಣ ಬಂತು.

"ಇದು ನಿಮ್ಗೆ ಯಾವಾಗಿಂದ ಗೊತ್ತು?"

"ನಾನು ಹುಟ್ಟೋ ಮುಂಚೆಯಿಂದ ಗೊತ್ತಿರೋದೇ ಬೈರಮ್ಮ. ಪುಸ್ತಕದಲ್ಲೆಲ್ಲ ಇದೆ."

"ಪುಸ್ತಕದಾಗೆ ಮಡಿಕಂಡು ಪೂಜೆ ಮಾಡ್ತಿದ್ರಾ?" ಆ ಕೂಗಿಗೆ ಬೆಳ್ಳೂರು ಕ್ರಾಸಿನಲ್ಲಿ ಬಸ್ಸುಗಳು ಬ್ರೇಕು ಹಾಕಿರಬೇಕು. "ಈಗ ಬಂದು ಈ ಚಿಳ್ಳೆಪಿಳ್ಳೆಗಳ್ಗೆ ಏಳ್ತೀರಲ್ಲ, ಎದೆ ಇಡ್ಕಂಡೋರು ಬರೋದು ಇಸ್ಕೂಲಿಗಾ? ಬನ್ನಿ, ಎಲ್ಲಿಗೆ ಓಯ್ತಾರೆ ತೋರುಸ್ತೀನಿ!"

ಅವಳು ಹೋಳುಗಳನ್ನು ತಟ್ಟೆಗೆ ಹಾಕಿಕೊಂಡು ಹೊರಟೇ ಬಿಟ್ಟಳು. ವಿಜ್ಞಾನಿ ಕೈಗವಸನ್ನೂ ಕಳಚದೆ ಹಿಂದೆ ನಡೆದರು.

ಅಂಗಡಿಯಲ್ಲಿ ಹೊನ್ನಪ್ಪ ಯಾರಿಗೋ ಗೋಲಿ ಒತ್ತಿ ಸೋಡಾ ಕೊಡುತ್ತಿದ್ದ. ಕೊಂಡವನು ಒಂದು ಕೈಯಲ್ಲಿ ಎದೆ ನೀವಿಕೊಳ್ಳುತ್ತಿದ್ದ.

"ಏನ್ ಬೈರಕ್ಕ, ನಿಂಗೂ ಗ್ಯಾಸಾ?"

ಬೈರಮ್ಮ ತಟ್ಟೆಯನ್ನು ಸೋಡಾ ಬಾಟಲಿಗಳ ನಡುವೆ ಕುಕ್ಕಿದಳು. ಗುಂಡಿಗೆಯ ಎರಡು ಹೋಳು ಅಂಗಾತ ಬಿದ್ದವು.

"ಇದ್ಕೂ ಒಂದು ಒಡ್ದು ಕುಡುಸ್ಲಾ. ತೇಗ್ತದೇನೋ ನೋಡವ."