ಸಂಕೋಚದ ಮುದ್ದೆ

ತಟ್ಟೆಯಲ್ಲಿ ಒಂದೇ ಒಂದು ಕರಿದ ಸೀಗಡಿ ಉಳಿದಿತ್ತು. ಮೂವರೂ ಅದನ್ನು ನೋಡಿಯೂ ನೋಡದವರಂತೆ ಕೂತಿದ್ದರು. ಹಂಚಿಕೊಂಡು ತಿನ್ನುವ ತಟ್ಟೆಯ ಕೊನೆಯ ತುಂಡಿಗೆ ಒಸಾಕದಲ್ಲಿ ಯಾರೂ ಕೈ ಹಾಕುವುದಿಲ್ಲ. ಅದಕ್ಕೆ ‘ಸಂಕೋಚದ ಮುದ್ದೆ’ ಎಂದೇ ಹೆಸರು. ‘ನೀವು ತಗೊಳ್ಳಿ’, ‘ಅಯ್ಯೋ, ನೀವು ತಗೊಳ್ಳಿ’ ಎನ್ನುತ್ತಾ ಅದನ್ನು ತಣ್ಣಗೆ ಮಾಡುವುದೇ ಇಲ್ಲಿನ ಮರ್ಯಾದೆ.

“ಮೊಹಿರಾ, ತಗೋಮ್ಮ,” ಎಂದರು ಕಿನುಗಾಸಾ ಅಮ್ಮ. ಸೋಯಾ ಸಾಸ್ ತಯಾರಿಸುವ ಹಳೇ ಮನೆತನದ ಯಜಮಾನಿ ಆಕೆ. ವರ್ಷಕ್ಕೊಬ್ಬರಂತೆ ವಿದೇಶಿ ಸಂಶೋಧಕರಿಗೆ ವಿದ್ಯಾರ್ಥಿವೇತನ ಕೊಡುವ ಟ್ರಸ್ಟೂ ಆಕೆಯದೇ. ಹೋಟೆಲಿನ ಈ ಊಟವೇ ಕೊನೆಯ ಸಂದರ್ಶನ.

“ಹೊಟ್ಟೆ ತುಂಬಿದೆ ಅಮ್ಮ. ಖಾಂಗ್ ತಗೊಳ್ಳಲಿ,” ಎಂದಳು ಮೊಹಿರಾ. ಶುದ್ಧ ಸುಳ್ಳು. ಹೆದರಿಕೆಗೆ ಬೆಳಗ್ಗೆಯಿಂದ ಅವಳಿಗೆ ಒಂದು ತುತ್ತೂ ಇಳಿದಿರಲಿಲ್ಲ.

“ಅಕ್ಕನೇ ತಿನ್ನಲಿ, ನನಗೆ ಸಾಕು,” ಎಂದ ಖಾಂಗ್. ಅದೂ ಸುಳ್ಳೇ.

ಯಜಮಾನಿ ಕಣ್ಸನ್ನೆ ಮಾಡಿದರು. ಬಡಿಸುವವಳು ಬಂದು ಸೀಗಡಿಯ ಸಮೇತ ತಟ್ಟೆ ಎತ್ತಿಕೊಂಡು ಹೋದಳು. ಅದು ನೇರ ಕಸದ ಬುಟ್ಟಿಗೇ ಹೋಗುತ್ತದೆ ಎಂದು ಮೊಹಿರಾಗೆ ಗೊತ್ತಿತ್ತು. ಯಾಕೋ ಹೊಟ್ಟೆ ಉರಿದುಹೋಯಿತು.

ಉಜ್ಬೇಕಿಸ್ತಾನದ ಮೊಹಿರಾ, ವಿಯೆಟ್ನಾಮಿನ ಖಾಂಗ್ ಒಂದೇ ಲ್ಯಾಬಿನವರು, ಒಂದೇ ಕುಕ್ಕರಿನ ಅನ್ನ ಉಂಡವರು. ಇಬ್ಬರಿಗೂ ಸರ್ಕಾರದ ವಿದ್ಯಾರ್ಥಿವೇತನ ಮಾರ್ಚಿಗೆ ನಿಲ್ಲುತ್ತಿತ್ತು, ಪ್ರಬಂಧ ಮಾತ್ರ ಅರ್ಧವೂ ಆಗಿರಲಿಲ್ಲ. ಏಪ್ರಿಲಿನಲ್ಲಿ ಫೀಸು ಕಟ್ಟದಿದ್ದರೆ ವಿಶ್ವವಿದ್ಯಾಲಯದಿಂದ ಹೆಸರು ಹೋಗುತ್ತದೆ, ಹೆಸರಿನ ಹಿಂದೆಯೇ ವೀಸಾನೂ ಹೋಗುತ್ತದೆ. ಮೊಹಿರಾಗೆ ವಯಸ್ಸಾಯಿತೆಂದು ಬೇರೆ ಟ್ರಸ್ಟುಗಳೆಲ್ಲ ಬಾಗಿಲು ಹಾಕಿದ್ದವು. ಖಾಂಗನಿಗೂ ಇನ್ನೆಲ್ಲೂ ಸಿಕ್ಕಿರಲಿಲ್ಲ. ತನ್ನೂರು ಕೊಕಂದಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟುಬಂದ ಮಗಳ ಮುಂದೆ ಅರ್ಧ ಪ್ರಬಂಧ ಹಿಡಿದು ನಿಲ್ಲುವುದನ್ನು ನೆನೆದರೇ ಮೊಹಿರಾಗೆ ಎದೆ ಧಸಕ್ಕೆನ್ನುತ್ತಿತ್ತು.

“ಮಂಡಳಿಯಲ್ಲಿ ನಿಮ್ಮಿಬ್ಬರಿಗೂ ಸಮ ಸಮ ಮತ ಬಿದ್ದಿದೆ,” ಎಂದರು ಯಜಮಾನಿ, ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು. “ಒಬ್ಬರಿಗೇ ಕೊಡೋಕಾಗೋದು. ನೀವೇ ಹೇಳಿ, ಯಾರಿಗೆ ಕೊಡಲಿ?”

ಖಾಂಗ್ ತಡಮಾಡಲಿಲ್ಲ. ಎರಡೂ ಕೈ ಚಾಪೆಗೂರಿ ತಲೆ ಬಾಗಿಸಿದ. “ಮೊಹಿರಾ ಅಕ್ಕನಿಗೇ ಕೊಡಿ. ನನ್ನದೇನಿದೆ, ನಾನಿನ್ನೂ ಕಲೀತಿರೋನು.”

ಎಂಥ ಚೆಂದದ ಮಾತು! ಸಂಜೆ ಹೊತ್ತು ನೂಡಲ್ಸ್ ಅಂಗಡಿಯಲ್ಲಿ ಪಾತ್ರೆ ತೊಳೆಯುತ್ತಾ ತೊಳೆಯುತ್ತಾ ಇಲ್ಲಿನ ನಯವಿನಯವನ್ನೆಲ್ಲ ಅರೆದು ಕುಡಿದಿದ್ದ ಹುಡುಗ. ಈಗ ಮೊಹಿರಾ ಹೇಳಬೇಕಾದ್ದೂ ಅಷ್ಟೇ: ‘ಛೇ, ಛೇ, ಖಾಂಗನಿಗೇ ಕೊಡಿ.’ ಅಲ್ಲಿಗೆ ಲೆಕ್ಕ ಸರಿಹೋಗುತ್ತದೆ. ಯಜಮಾನಿ ನಕ್ಕು ಮನೆಗೆ ಹೋಗಿ ತಮಗೆ ತೋಚಿದವರಿಗೆ ಕೊಡುತ್ತಾರೆ. ಮಾತು ಅವಳ ನಾಲಿಗೆಯ ತುದಿಗೂ ಬಂದಿತ್ತು.

“ಆಗಲಿ,” ಎಂದಳು ಮೊಹಿರಾ. “ನನಗೇ ಕೊಡಿ.”

ಬಾಗಿದ್ದ ಖಾಂಗನ ತಲೆ ಮೇಲೇಳಲೇ ಇಲ್ಲ. ಅವನ ಕುತ್ತಿಗೆ ಕೆಂಪಗಾಗುತ್ತಿರುವುದು ಮಾತ್ರ ಕಾಣುತ್ತಿತ್ತು.

“ಇನ್ನೊಂದ್ಸಲ ಹೇಳು,” ಎಂದರು ಯಜಮಾನಿ.

“ನನಗೆ ಕೊಡಿ ಅಮ್ಮ. ನನಗೆ ಬೇಕು.” ಅವಳು ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಯಜಮಾನಿ ಖಾಂಗನ ಕಡೆಗೆ ತಿರುಗಿದರು. “ಏನಪ್ಪಾ, ನೀನು ಹೇಳಿದ್ದು ಮನಸಾರೆ ತಾನೇ?”

ಈಗಲೂ ಕಾಲ ಮಿಂಚಿರಲಿಲ್ಲ. ‘ನನಗೂ ಬೇಕು’ ಎಂದು ಅವನು ಒಂದೇ ಒಂದು ಮಾತು ಹೇಳಿದ್ದರೆ ಎಲ್ಲವೂ ಮತ್ತೆ ತಿರುಗುತ್ತಿತ್ತು. ಆದರೆ ಆಡಿದ ಮಾತು ಆರುವ ಮೊದಲೇ ‘ಸುಮ್ಮನೆ ಬಾಯಿಮಾತಿಗೆ ಹೇಳಿದೆ’ ಎನ್ನಲು, ಅದೂ ಇಂಥ ಹಿರಿಯರ ಎದುರಿಗೆ, ಯಾರಿಗೆ ತಾನೇ ಬಾಯಿ ಬರುತ್ತದೆ?

“ಮನಸಾರೆ,” ಎಂದ ಖಾಂಗ್, ಚಾಪೆಯನ್ನೇ ನೋಡುತ್ತಾ.

ಯಜಮಾನಿ ಅವನಿಗಿಂತ ಕೆಳಗೆ ಬಾಗಿ ವಂದಿಸಿದರು. “ಈ ಕಾಲದಲ್ಲಿ ಇಂಥ ಮನಸ್ಸು ಎಲ್ಲಿದೆ? ಇವತ್ತೇ ನಿಮ್ಮ ಪ್ರೊಫೆಸರಿಗೆ ಫೋನ್ ಮಾಡಿ ಹೇಳ್ತೀನಿ. ವಿದ್ಯಾರ್ಥಿವೇತನ ಮೊಹಿರಾಗೇ.”

ಇಬ್ಬರೂ ಸ್ಟೇಷನ್ನಿಗೆ ನಡೆದು ಬಂದರು. ಪ್ಲಾಟ್‌ಫಾರ್ಮಿನ ಹಳದಿ ಗೆರೆಯ ಹಿಂದೆ ನಿಂತಾಗ ಖಾಂಗನೇ ಬಾಯಿಬಿಟ್ಟ.

“ಅಕ್ಕಾ, ನಾನು ಮರ್ಯಾದೆಗೆ ಹೇಳಿದ್ದು.”

“ಗೊತ್ತು.”

“ಗೊತ್ತಿದ್ದೂ ಹಾಗಂದ್ಯಾ?”

“ಗೊತ್ತಿದ್ದೇ ಅಂದೆ ಕಣೋ. ಬೈಯೋ ಹಾಗಿದ್ರೆ ಬೈದುಬಿಡು. ಒಂದು ಏಟು ಬೇಕಾದ್ರೂ ಹೊಡಿ.” ಅವಳ ಕಣ್ಣು ತುಂಬಿ ಬಂದಿತ್ತು. ನಾಚಿಕೆಯಾಗುತ್ತಿತ್ತು, ಅದರ ಅಡಿಯಲ್ಲೇ ಗೆದ್ದ ಖುಷಿಯೂ ಕುಣಿಯುತ್ತಿತ್ತು. ಆ ಹಾಳು ಖುಷಿಯೇ ಅವಳನ್ನು ಹೆಚ್ಚು ಹಿಂಸಿಸಿತು.

“ನಿನ್ನ ಜಾಗದಲ್ಲಿ ನಾನಿದ್ದಿದ್ರೆ ನನಗೂ ಹಾಗೇ ಅನ್ಬೇಕು ಅನ್ನಿಸ್ತಿತ್ತು. ಧೈರ್ಯ ಬರ್ತಿರ್ಲಿಲ್ಲ, ಅಷ್ಟೇ.” ಖಾಂಗ್ ನಗಲು ನೋಡಿದ, ಆಗಲಿಲ್ಲ. ರೈಲು ಬಂದು ನಿಂತು ಬಾಗಿಲು ತೆರೆಯಿತು. ಮೊದಲು ಅವಳು ಹತ್ತಲಿ ಎಂದು ಅಭ್ಯಾಸಬಲದಿಂದ ಪಕ್ಕಕ್ಕೆ ಸರಿದು ನಿಂತ.

“ಖಾಂಗ್, ನೀನು ನಿಜವಾಗ್ಲೂ ದೊಡ್ಡ...” ಎಂದು ಶುರುಮಾಡಿದಳು ಮೊಹಿರಾ.

“ಬೇಡಕ್ಕ,” ಎಂದ ಅವನು. “ನಾಳೆ ಲ್ಯಾಬಲ್ಲಿ ಎಲ್ಲರೂ ನನ್ನ ದೊಡ್ಡ ಮನಸ್ಸನ್ನ ಹೊಗಳ್ತಾರೆ. ನೀನೊಬ್ಬಳಾದ್ರೂ ಹೊಗಳಬೇಡ.”