ಮೇಷ್ಟ್ರ ಸೀಟು

ಗಂಡ ನಡೆಸುತ್ತಿದ್ದ ಡ್ರೈವಿಂಗ್ ಸ್ಕೂಲು ಮುಚ್ಚಿದ ಮೇಲೆ ಅದರ ಹಳೇ ಹ್ಯಾಚ್‌ಬ್ಯಾಕೇ ಮನೆಯ ಕಾರಾಯಿತು. ಸ್ಟೀರಿಂಗ್ ಹೆಂಡತಿಯ ಕೈಯಲ್ಲಿ; ಕಲಿಸುವವನಿಗೆಂದು ಎಡಗಡೆ ಹಾಕಿಸಿದ್ದ ಎರಡನೇ ಬ್ರೇಕು ಗಂಡನ ಕಾಲಡಿಯಲ್ಲಿ. ಮಾತಿಗೆ ಮಾತು ಬೆಳೆದಾಗಲೆಲ್ಲ ಅವನು ನಡುರಸ್ತೆಯಲ್ಲೇ ಅದನ್ನು ತುಳಿದು ಕಾರು ನಿಲ್ಲಿಸಿ, ಹಿಂದಿನವರು ಹಾರನ್ ಹೊಡೆಯುತ್ತಿದ್ದರೂ ಅವಳನ್ನು ಬೈಯುತ್ತಿದ್ದ.

ಈಗ ಆ ಕಾರು ಕೈಕೊಟ್ಟಿತ್ತು. ಷೋರೂಮಿನಲ್ಲಿ ಅವಳು ಆರಿಸಿದ ಪುಟ್ಟ ಎಸ್‌ಯುವಿ ನೋಡಿ ಅವನು ಮೂಗು ಮುರಿದ.

"ಇಷ್ಟೆತ್ತರದ್ದು ನಿನ್ನ ಕೈಲಾಗಲ್ಲ. ಯಾರಿಗಾದ್ರೂ ಗುದ್ದಿ ಬರ್ತೀಯ."

"ಓಡಿಸಿ ನೋಡೋಣ, ಕೂತ್ಕೊಳ್ಳಿ."

ಷೋರೂಮಿನವನು ಹಿಂದೆಯೇ ಕೂತಿದ್ದರೂ ಗಂಡನ ಬಾಯಿ ನಿಲ್ಲಲಿಲ್ಲ.

"ದನ ಕಾಯೋಳ ಕೈಗೆ ಸ್ಟೀರಿಂಗ್ ಕೊಟ್ಟಂಗಾಯ್ತು. ನಿಲ್ಸು."

ಅವಳು ನಿಲ್ಲಿಸಲಿಲ್ಲ. ಅವನ ಕಾಲು ದಡಕ್ಕನೆ ಬರೀ ಮ್ಯಾಟನ್ನು ತುಳಿಯಿತು.

"ಇನ್ನೂ ಜೋರಾಗಿ ತುಳೀರಿ," ಎಂದು ಅವಳು ಗೇರ್ ಏರಿಸಿದಳು.