ಕಾಕಾ ಅಪ್ಪನನ್ನು ದಾಟಿ ಹೋದದ್ದು

ಕಲಬುರಗಿಯ ಯಾವ ಆಸ್ಪತ್ರೆಯಲ್ಲಿ ಸ್ಪಿರಿಟ್ ವಾಸನೆ ಬಡಿದರೂ ಕಮಲಾಪುರದ ನಮ್ಮ ಬಾಳೆತೋಟ ಕಣ್ಣೆದುರು ಬಂದು ನಿಲ್ಲುತ್ತದೆ.

ಆ ಮಧ್ಯಾಹ್ನ ನೀರಿಗಾಗಿ ಪಕ್ಕದ ತೋಟದವರೊಂದಿಗೆ ಜಗಳ ಹತ್ತಿ ಕಲ್ಲು ಹಾರುತ್ತಿದ್ದವು. ನಾನು ಅಜ್ಜಿಯ ಸೆರಗು ಹಿಡಿದು ನಿಂತಿದ್ದೆ. ಅಪ್ಪ ಎಸೆದ ಕಲ್ಲಿಗೆ ಅವರಲ್ಲೊಬ್ಬ ತಲೆಯೊಡೆದು ಬಿದ್ದ. ಮರುಕ್ಷಣವೇ ಅಪ್ಪನ ಕಾಲಿಗೂ ಪೆಟ್ಟು ಬಿದ್ದು, ಅವನು ನೆಲಕ್ಕುರುಳಿ ಚೀರತೊಡಗಿದ.

ಸೈನ್ಯದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದ ಕಾಕಾ ರಜೆಗೆ ಬಂದಿದ್ದ. ಸ್ಪಿರಿಟ್ ನಾರುವ ಚೀಲ ಹಿಡಿದು ಓಡಿಬಂದವನು ಅಪ್ಪನನ್ನು ದಾಟಿ ಆ ಕಲ್ಲುಗಳ ನಡುವೆ ತಲೆಯೊಡೆದವನತ್ತ ನಡೆದ.

“ನಿಮ್ಮಣ್ಣ ಇಲ್ಲಿ ಬಿದ್ದಾನ, ಎಲ್ಲಿ ಹೊಂಟೀಯೋ ಖೋಡಿ?” ಅಜ್ಜಿ ಕೂಗಿದಳು.

“ಅಣ್ಣ ಒದರ್ಲಾಕತ್ತಾನಬೇ, ಅಂದ್ರ ಉಸಿರದ. ಅವ ಸುಮ್ನಾಗ್ಯಾನ.”

ತಲೆಯೊಡೆದವನ ಅಣ್ಣ ಕೊಡಲಿ ಎತ್ತಿದ. ಗಾಯ ಒತ್ತಿ ಹಿಡಿದಿದ್ದ ಕಾಕಾ ತಲೆಯೆತ್ತಲೇ ಇಲ್ಲ.

“ಅದನ್ನ ಕೆಳಗಿಡ್ರೀ. ಈ ಅರಿವಿ ಗಟ್ಟಿ ಒತ್ತಿ ಹಿಡೀರಿ.”

ಅವನು ಕೊಡಲಿ ಬಿಟ್ಟು, ಬಟ್ಟೆ ಒತ್ತಿ ಹಿಡಿದು ಕುಳಿತ. ಕಲ್ಲು ಬೀಳುವುದು ನಿಂತಿತು.

ಕಡೆಗೆ ಕಾಕಾ ಪಟ್ಟಿ ಕಟ್ಟಲು ಬಂದಾಗ ಅಪ್ಪ ತನ್ನ ಕಾಲಿನ ಮಾತೇ ಎತ್ತಲಿಲ್ಲ.

“ಬದುಕ್ತಾನೇನೋ?”

“ಉಸಿರಾಡ್ಲಾಕತ್ತಾನ,” ಎಂದ ಕಾಕಾ. ಅವನ ಬೆರಳುಗಳು ಎಷ್ಟು ನಡುಗುತ್ತಿದ್ದವೆಂದರೆ, ಪಟ್ಟಿಯ ಗಂಟನ್ನು ಅಪ್ಪನೇ ಹಾಕಿಕೊಂಡ.